ಎಂಟುನೂರ ಅರವತ್ಮೂರರ ಮನೆ

ನನ್ನ ಸಂಖ್ಯೆ ಎಂಟು ಲಕ್ಷ ಎಪ್ಪತ್ತು ಸಾವಿರದ ಏಳುನೂರ ಅರವತ್ತೇಳು. ನಮ್ಮೂರಲ್ಲಿ ಹೊಸಬರು ಸಿಕ್ಕರೆ ಮೊದಲು ಸಂಖ್ಯೆ ಹೇಳುತ್ತೇವೆ, ಆಮೇಲೆ ಹೆಸರು. ಹಾಗಾಗಿ ನಾನೂ ಅದನ್ನೇ ಮೊದಲು ಹೇಳಿದೆ. ಹೆಸರು ಚೆನ್ನಾಜಮ್ಮ. ಅರವತ್ತು ತುಂಬಿ ಎಂಟು ತಿಂಗಳಾಯಿತು. ನನ್ನ ಮಾತು ಸ್ವಲ್ಪ ಖಾರ ಎಂದು ಊರವರು ಹೇಳುತ್ತಾರಂತೆ, ನನ್ನೆದುರು ಯಾರೂ ಹೇಳಿಲ್ಲ.

ಇಲ್ಲಿ ಮಗು ಹುಟ್ಟಿದ ಮೂರನೆಯ ದಿನ ಅದರ ಎಡ ಅಂಗಾಲಿನಲ್ಲಿ ಆರಂಕಿಯ ಸಂಖ್ಯೆ ಮೂಡುತ್ತದೆ, ಹನ್ನೊಂದನೆಯ ದಿನಕ್ಕೆ ಅಳಿಸಿಹೋಗುತ್ತದೆ. ಅಷ್ಟರೊಳಗೆ ತಾಯಿ ಮಗುವನ್ನು ಎತ್ತಿಕೊಂಡು ಊರಿನ ನೂರ ಅರವತ್ತೆಂಟು ಪಾಲಿನ ಮನೆಗಳ ಬಾಗಿಲಿಗೂ ಹೋಗಿ ಬರಬೇಕು. ಒಂದೊಂದು ಪಾಲಿನ ಮನೆಗೆ ಒಂದೊಂದು ಸಂಖ್ಯೆ. ಎರಡರ ಮನೆ, ಮೂರರ ಮನೆ, ಐದರದು, ಏಳರದು, ಹೀಗೆ ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗಳನ್ನೇ ಹಿಡಿದು ಒಂಬೈನೂರ ತೊಂಬತ್ತೇಳರ ಮನೆಯವರೆಗೆ. ಆರರ ಮನೆ ಯಾಕಿಲ್ಲ ಎಂದು ಮಕ್ಕಳು ಕೇಳುತ್ತಾರೆ. ಆರಕ್ಕೆ ಸಲ್ಲುವ ಮಗು ಎರಡರ ಮನೆಗೂ ಸಲ್ಲುತ್ತದೆ, ಮೂರರ ಮನೆಗೂ ಸಲ್ಲುತ್ತದೆ. ಮತ್ತೊಂದು ಮನೆ ಯಾತಕ್ಕೆ ಎಂದು ನಾವು ಹೇಳುತ್ತೇವೆ.

ಬಾಗಿಲಲ್ಲಿ ನಿಂತು ಆ ಮನೆಯ ಹಿರಿಯರು ಮಗುವಿನ ಸಂಖ್ಯೆಯನ್ನು ತಮ್ಮ ಸಂಖ್ಯೆಯಿಂದ ಗಟ್ಟಿಯಾಗಿ ಭಾಗಿಸುತ್ತಾರೆ. ಶೇಷ ಉಳಿದರೆ ಎಷ್ಟು ಉಳಿಯಿತೋ ಅಷ್ಟು ಅಕ್ಕಿಕಾಳು ಎಣಿಸಿ ತಾಯಿಯ ಸೆರಗಿಗೆ ಹಾಕಿ ಕಳಿಸುತ್ತಾರೆ. ಏನೂ ಉಳಿಯದಿದ್ದರೆ ಖಾಲಿ ಮೊರ ತಂದು ಹೊಸಿಲ ಮುಂದಿಟ್ಟು ಮಗುವನ್ನು ಅದರಲ್ಲಿ ಮಲಗಿಸುತ್ತಾರೆ. ಅಲ್ಲಿಂದ ಆ ಮಗು ಆ ಮನೆಯದೂ ಹೌದು. ಬೆಳೆಯುವುದು ಹೆತ್ತವರ ಹತ್ತಿರವೇ. ಆದರೆ ಹಬ್ಬದ ದಿನ ಪಾಲಿನ ಮನೆಯಲ್ಲಿ ಅದರ ಪಾಲಿಗೊಂದು ಎಲೆ ಹಾಕಿ ಕಾಯುತ್ತಾರೆ. ಅದು ಬಂದು ಕೂರುವವರೆಗೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ.

ಎರಡರ ಮನೆಯವರ ಪಾಡು ಕೇಳಬೇಡಿ. ಊರಿನ ಅರ್ಧ ಮಕ್ಕಳು ಅವರವೇ. ಹಬ್ಬ ಬಂತೆಂದರೆ ಬೀದಿಯುದ್ದಕ್ಕೂ ಎಲೆ ಹಾಕಬೇಕು, ಹೆಸರು ನೆನಪಿಲ್ಲದೆ ಎಲ್ಲರನ್ನೂ 'ಮಗ' ಎಂದೇ ಕರೆಯುತ್ತಾರೆ. ದೊಡ್ಡ ಸಂಖ್ಯೆಯ ಮನೆಗಳಲ್ಲಿ ಇದಕ್ಕೆ ತದ್ವಿರುದ್ಧ. ಒಂದು ತಲೆಮಾರು ಕಾದರೆ ಒಂದು ಮಗು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂಬೈನೂರ ತೊಂಬತ್ತೇಳರ ಮನೆಗೆ ನನ್ನ ಚಿಕ್ಕಂದಿನಲ್ಲಿ ಒಬ್ಬ ಹುಡುಗ ಬಂದಿದ್ದ. ಅವರು ಮುದ್ದು ಮಾಡಿ ಮಾಡಿ ಅವನಿಗೆ ಹದಿನೈದು ವರ್ಷವಾದರೂ ತಾನೇ ಕಲಸಿ ಉಣ್ಣಲು ಬರುತ್ತಿರಲಿಲ್ಲ.

ಯಾವ ಮನೆಗೂ ಸಲ್ಲದವರೂ ಇದ್ದಾರೆ, ಹದಿಮೂರು ಮಕ್ಕಳಿಗೆ ಒಬ್ಬರಂತೆ. ಅವರನ್ನು ಒಂಟಿಗಳು ಎನ್ನುತ್ತೇವೆ. ನಾನು ಒಂಟಿ. ಎಲ್ಲ ಮನೆಗಳಲ್ಲೂ ಶೇಷ ಉಳಿಸಿ ಬಂದವಳು. ಆರನೆಯ ತಿಂಗಳಲ್ಲಿ ನನಗೆ ಅನ್ನ ಮುಟ್ಟಿಸುವಾಗ ಅವ್ವ ಆ ಕಾಳುಗಳನ್ನೆಲ್ಲ ಕೂಡಿಸಿ ಗಂಜಿ ಮಾಡಿದಳಂತೆ. ಹಾಗೆ ನೋಡಿದರೆ ನಾನು ನೂರ ಅರವತ್ತೆಂಟು ಮನೆಯ ಅನ್ನ ಉಂಡವಳು, ಆ ಋಣ ನನಗಿದೆ, ಅದನ್ನು ನಾನು ಯಾವತ್ತೂ ಮರೆತಿಲ್ಲ. ಹಬ್ಬದ ದಿನ ಕರೆದವರ ಮನೆಗೆ ಹೋಗುತ್ತಿದ್ದೆ, ಹೊಟ್ಟೆ ತುಂಬ ಉಣ್ಣುತ್ತಿದ್ದೆ. ನನಗಾಗಿ ಎಲೆ ಹಾಕಿ ಕಾಯುವವರು ಮಾತ್ರ ಇರಲಿಲ್ಲ. ಅದು ಚಿಕ್ಕಂದಿನಲ್ಲಿ ನೋಯುತ್ತಿತ್ತು. ದೊಡ್ಡವಳಾದ ಮೇಲೆ ನೋವು ಕಡಿಮೆಯಾಯಿತು ಎಂದು ಹೇಳುತ್ತಿದ್ದೆ, ಕಡಿಮೆಯಾಗಿರಲಿಲ್ಲ.

ಒಂಟಿಗಳಿಗೆ ಒಂದು ಮರ್ಯಾದೆ ಉಂಟು. ಯಾವ ಮನೆಗೂ ಸೇರದವರಾದ್ದರಿಂದ ಮನೆ ಮನೆಗಳ ಜಗಳ ಬಂದಾಗ ನ್ಯಾಯದ ಕಟ್ಟೆಯ ಮೇಲೆ ಕೂರುವವರು ಅವರೇ. ನನಗೆ ಮೂವತ್ತು ವರ್ಷವಾದಾಗ ಊರು ನನ್ನನ್ನು ಕಟ್ಟೆ ಹತ್ತಿಸಿತು. ಅಲ್ಲಿಂದ ಮೂವತ್ತು ವರ್ಷ ಕೂತೆ. ಅಷ್ಟು ವರ್ಷ ಕೂತವರ ಸಂಖ್ಯೆಯನ್ನು ಕಟ್ಟೆಯ ಕಲ್ಲಿನಲ್ಲಿ ಕೆತ್ತುತ್ತಾರೆ. ಈ ಹುಣ್ಣಿಮೆಗೆ ನನ್ನದನ್ನು ಕೆತ್ತುವುದೆಂದು ಗೊತ್ತಾಗಿತ್ತು. ನನಗೆ ಆಸೆ ಇರಲಿಲ್ಲ ಎಂದರೆ ಸುಳ್ಳು. ಮನೆಯಲ್ಲಿ ಜಾಗ ಸಿಗದವಳಿಗೆ ಕಲ್ಲಿನಲ್ಲಾದರೂ ಸಿಗುತ್ತದಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ.

ಹುಣ್ಣಿಮೆಗೆ ಐದು ದಿನ ಇರುವಾಗ ಕಲ್ಲುಕುಟಿಗ ಬೋರಲಿಂಗ ಮನೆಗೆ ಬಂದ. ಎರಡರ ಮನೆಯ ಅಸಂಖ್ಯ ಮಕ್ಕಳಲ್ಲಿ ಅವನೂ ಒಬ್ಬ. "ಅಂಕಿ ಬರ್ದಿರೋದು ಏನಾದ್ರೂ ಇದ್ರೆ ತೋರ್ಸಿ ಚೆನ್ನಾಜಮ್ಮ. ಬಾಯಲ್ಲಿ ಹೇಳಿದ್ದನ್ನ ಕೆತ್ತಕ್ಕಾಗಲ್ಲ. ಕಲ್ಲಿಗೆ ಬಿದ್ಮೇಲೆ ಒರ್ಸಕ್ಕಾಯ್ತದಾ" ಎಂದ. ನಾನು ಪೆಟ್ಟಿಗೆಯ ತಳದಿಂದ ಅವ್ವ ಬರೆದಿಟ್ಟಿದ್ದ ಕಾಗದದ ಸುರುಳಿ ತೆಗೆದುಕೊಟ್ಟೆ. ಮೇಲೆ ನನ್ನ ಸಂಖ್ಯೆ, ಕೆಳಗೆ ಯಾವ ಯಾವ ಮನೆಯವರು ಎಷ್ಟೆಷ್ಟು ಕಾಳು ಕೊಟ್ಟರೆಂಬ ಪಟ್ಟಿ. ಅವ್ವ ತೀರಿಕೊಂಡ ಮೇಲೆ ನಾನು ಅದನ್ನು ಬಿಚ್ಚಿರಲಿಲ್ಲ. ಬಿಚ್ಚಿದರೆ ಅಳು ಬರುತ್ತದೆಂದು ಗೊತ್ತಿತ್ತು.

ಬೋರಲಿಂಗ ಬೆರಳಿಟ್ಟು ಓದತೊಡಗಿದ. ಎರಡರ ಮನೆ ಒಂದು ಕಾಳು, ಮೂರರ ಮನೆ ಎರಡು, ಐದರ ಮನೆ ಎರಡು, ಏಳರ ಮನೆ ಎರಡು, ಹನ್ನೊಂದರ ಮನೆ ಏಳು. "ನಮ್ಮನೆಯವ್ರು ನೋಡಿ, ಒಂದೇ ಕಾಳು. ಜುಗ್ಗ್ ನನ್ ಮಕ್ಳು" ಎಂದು ನಕ್ಕ. ಎರಡರ ಮನೆಯವರು ಯಾರಿಗೂ ಒಂದಕ್ಕಿಂತ ಹೆಚ್ಚು ಕಾಳು ಕೊಡಲು ಸಾಧ್ಯವಿಲ್ಲ, ಅದು ಅವನಿಗೂ ಗೊತ್ತು, ಆದರೂ ಎರಡರ ಮನೆಯವರೆಲ್ಲ ಈ ತಮಾಷೆ ಮಾಡುತ್ತಾರೆ. ಸುರುಳಿಯ ಕೊನೆಯ ಹತ್ತಿರ ಬಂದು ಅವನ ಬೆರಳು ನಿಂತಿತು. "ಇವ್ರು ನೋಡಿ ಧಾರಾಳ. ಎಂಟ್ನೂರ ಅರವತ್ಮೂರರ ಮನೆ, ಎಂಟ್ನೂರ ಅರವತ್ಮೂರು ಕಾಳು. ಮನೆ ನಂಬರ್ ಎಷ್ಟೋ ಅಷ್ಟೂ ಕೊಟ್ಬುಟ್ಟವ್ರೆ."

ಅಂಕಿಗಳನ್ನು ಇನ್ನೊಂದು ಚೀಟಿಗೆ ಇಳಿಸಿಕೊಂಡು, ನಾನು ಕೊಟ್ಟ ಮಜ್ಜಿಗೆ ಕುಡಿದು ಅವನು ಹೋದ. ನಾನು ಅಲ್ಲೇ ಕೂತೆ. ಅವ್ವ ಕೂಡ ಹೀಗೇ ಹೇಳುತ್ತಿದ್ದಳು, ಆ ಮನೆಯವರ ಕೈ ದೊಡ್ಡದು, ಊರಲ್ಲೆಲ್ಲ ಅವರೇ ಹೆಚ್ಚು ಕೊಟ್ಟದ್ದು ಎಂದು. ನಾನೂ ಹೌದೆಂದುಕೊಂಡು ಬೆಳೆದೆ. ಯಾವ ಮನೆಯೂ ತನ್ನ ಸಂಖ್ಯೆಯಷ್ಟು ಕಾಳು ಕೊಡುವುದಿಲ್ಲ. ಅಷ್ಟು ಉಳಿದಿದ್ದರೆ ಇನ್ನೊಂದು ಸಲ ತೆಗೆಯಬಹುದು ಎಂದೇ ಅರ್ಥ. ಇದು ನಮ್ಮೂರಿನ ಐದು ವರ್ಷದ ಮಗುವಿಗೂ ಗೊತ್ತು. ಆದರೆ ಒಂದು ಮನೆಯ ಲೆಕ್ಕವನ್ನು ಮತ್ತೊಬ್ಬರು ತಾಳೆ ನೋಡುವುದು ನಮ್ಮಲ್ಲಿ ಅಸಹ್ಯ, ಬೇರೆಯವರ ಅಡಿಗೆಮನೆಗೆ ನುಗ್ಗಿ ಮಡಕೆಯ ಮುಚ್ಚಳ ತೆಗೆದ ಹಾಗೆ. ಹಾಗಾಗಿ ಅರವತ್ತು ವರ್ಷ ಯಾರೂ ನೋಡಲಿಲ್ಲ.

ನಾನು ಒಲೆಯಿಂದ ಇದ್ದಿಲು ತಂದು ನೆಲದ ಮೇಲೆ ಭಾಗಿಸಿದೆ. ಎಂಟುನೂರ ಎಪ್ಪತ್ತರಲ್ಲಿ ಒಂದು ಸಲ, ಏಳು ಉಳಿಯಿತು. ಒಂದಂಕಿ ಇಳಿಸಿದರೆ ಎಪ್ಪತ್ತೇಳು, ಸಾಲದು, ಸೊನ್ನೆ. ಇನ್ನೊಂದು ಇಳಿಸಿದರೆ ಏಳುನೂರ ಎಪ್ಪತ್ತಾರು, ಸಾಲದು, ಸೊನ್ನೆ. ಕೊನೆಯದನ್ನೂ ಇಳಿಸಿದರೆ ಏಳು ಸಾವಿರದ ಏಳುನೂರ ಅರವತ್ತೇಳು. ಎಂಟು ಸಲ ತೆಗೆದರೆ ಉಳಿಯುವುದು ಎಂಟುನೂರ ಅರವತ್ಮೂರು. ಒಂಬತ್ತು ಸಲ ತೆಗೆದರೆ ಉಳಿಯುವುದು ಏನೂ ಇಲ್ಲ. ಇದ್ದಿಲು ಜಾರಿ ಒಲೆಯ ಕೆಳಗೆ ಉರುಳಿಹೋಯಿತು.

ನಾನು ಒಂಟಿಯಲ್ಲ. ನನಗೂ ಒಂದು ಮನೆ ಇತ್ತು, ಹುಟ್ಟಿದ ದಿನದಿಂದಲೇ ಇತ್ತು. ಮೊದಲು ಬಂದದ್ದು ಸಂತೋಷ. ಅದರ ಬೆನ್ನಿಗೇ ಬಾವಿಯ ನೆನಪು ಬಂತು. ಹನ್ನೆರಡು ವರ್ಷದ ಹಿಂದೆ ಎಂಟುನೂರ ಅರವತ್ಮೂರರ ಮನೆಗೂ ನಲವತ್ತೊಂದರ ಮನೆಗೂ ನಡುವಿನ ಒಂದು ಬಾವಿಗೆ ಜಗಳವಾಗಿತ್ತು. ನಾನೇ ಹಗ್ಗ ಹಿಡಿದು ಅಳೆದು, ಬಾವಿ ಎಂಟುನೂರ ಅರವತ್ಮೂರರ ಮನೆಯದೆಂದು ತೀರ್ಪು ಕೊಟ್ಟಿದ್ದೆ. ತನ್ನ ಮನೆಯ ಪರವಾಗಿ ತಾನೇ ಕೊಟ್ಟ ತೀರ್ಪು ನಮ್ಮೂರಲ್ಲಿ ನಿಲ್ಲುವುದಿಲ್ಲ. ನಾನು ಬಾಯಿಬಿಟ್ಟರೆ ಕಲ್ಲು ಹೋಗುತ್ತದೆ, ಕಟ್ಟೆ ಹೋಗುತ್ತದೆ, ನನ್ನ ಮನೆಯವರ ಬಾವಿಯೂ ಹೋಗುತ್ತದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬೋರಲಿಂಗನಿಗೆ ತಾನು ಏನು ಓದಿದೆನೆಂದು ಇನ್ನೂ ಹೊಳೆದಿರಲಿಲ್ಲ.

ಸುರುಳಿ ಕಂಕುಳಲ್ಲಿಟ್ಟುಕೊಂಡು ಮಧ್ಯಾಹ್ನವೇ ಹೊರಟೆ. ಆ ಮನೆಯ ಹಿರಿಯ ಪುಟ್ಟನಂಜಪ್ಪನಿಗೆ ಎಂಬತ್ತಕ್ಕೆ ಒಂದೇ ಕಮ್ಮಿ. ಜಗಲಿಯ ಮೇಲೆ ಕೂತು ಮೊರಕ್ಕೆ ಸಗಣಿ ಸಾರಿಸುತ್ತಿದ್ದ. ಆ ಮೊರದಲ್ಲಿ ಅವನ ಕಾಲದಲ್ಲಿ ಒಂದು ಮಗುವೂ ಮಲಗಿಲ್ಲ, ಆದರೂ ವರ್ಷವರ್ಷ ಸಾರಿಸಿ ಒಣಗಿಸಿ ಗೋಡೆಗೆ ಸಿಕ್ಕಿಸುತ್ತಾನೆ. ನಾನು ಸುರುಳಿಯನ್ನು ಅವನ ಮುಂದೆ ಬಿಚ್ಚಿದೆ. ಅವನು ಕನ್ನಡಕ ಹಾಕಿಕೊಳ್ಳಲಿಲ್ಲ.

"ಯಾವ ಸಾಲು ಅಂತ ನಂಗೊತ್ತು ಕಣವ್ವ" ಎಂದ.

"ಯಾವಾಗಿಂದ ಗೊತ್ತು?"

"ನಿಂಗೆ ಎರಡು ವರ್ಷ ಆಗಿತ್ತು. ಒಂದಿನ ಸುಮ್ನೆ ಕೂತು ಹಳೇ ಲೆಕ್ಕ ಮಾಡ್ತಿದ್ದೆ, ಆಗ ಗೊತ್ತಾಯ್ತು. ನೀನು ಬಂದ ದಿನ ಅಪ್ಪ ಊರಲ್ಲಿರ್ಲಿಲ್ಲ. ನಂಗೆ ಹತ್ತೊಂಬತ್ತು. ಮೊದಲ್ನೇ ಸಲ ಬಾಗ್ಲಲ್ಲಿ ನಿಂತು ಭಾಗಿಸಿದ್ದು. ನೀನು ಕಿರುಚ್ಕೊಂಡು ಅಳ್ತಿದ್ದೆ, ನಿಮ್ಮವ್ವನ ಹಿಂದೆ ಜನ ಬೇರೆ. ಒಂಬತ್ತು ಹೋಗೋ ಕಡೆ ಎಂಟು ತೆಗೆದ್ಬುಟ್ಟೆ. ಆಮೇಲೆ ಕಾಳು ಎಣ್ಸಕ್ಕೆ ಕೂತೆ. ಎಣಿಸ್ತಾ ಎಣಿಸ್ತಾ ಖುಷಿ ನಂಗೆ, ಈ ಮಗೀಗೆ ಇಷ್ಟೊಂದು ಕೊಡ್ತಿದೀನಲ್ಲ ಅಂತ."

"ಗೊತ್ತಾದ ದಿನಾನೇ ಯಾಕೆ ಬರ್ಲಿಲ್ಲ?"

"ನಾಚ್ಕೆ. ಮನೆ ನಂಬರ್ ಭಾಗಿಸಕ್ಕೆ ಬರ್ದೋನು ಅಂತ ಊರು ನಗ್ತದೆ ಅಂತ. ಆಮೇಲೆ ನಿಮ್ಮವ್ವ, ನನ್ ಮಗ್ಳು ಒಂಟಿ ಅಂತ ಹೆಮ್ಮೆಯಿಂದ ಹೇಳ್ಕೊಂಡು ತಿರುಗೋಳು. ಆಮೇಲೆ ನೀನು ಕಟ್ಟೆ ಹತ್ತಿದೆ. ಆಮೇಲೆ ಬಾವಿ. ಒಂದೊಂದ್ ಸಲವೂ ನಾಳೆ ಹೇಳಣ ಅಂದ್ಕೊಂಡೆ. ಹಂಗೇ ಐವತ್ತೆಂಟು ವರ್ಷ ಆಗೋಯ್ತು."

ನನಗೆ ಸಿಟ್ಟು ನೆತ್ತಿಗೇರಿತು. ಹಬ್ಬದ ದಿನ ಬೇರೆ ಮಕ್ಕಳು ತಮ್ಮ ತಮ್ಮ ಪಾಲಿನ ಮನೆಗೆ ಓಡುವಾಗ ನಾನು ಅವ್ವನ ಸೆರಗು ಹಿಡಿದು ಕೂತದ್ದು ಕಣ್ಣಿಗೆ ಕಟ್ಟಿತು. "ನಿಮಗೆ ಎರಡು ಬಿಡೋಣ ಅನ್ನಿಸ್ತಿದೆ" ಎಂದೆ. "ಬಿಡವ್ವ, ನಿಂಗೆ ಹಕ್ಕಿದೆ" ಎಂದು ಅವನು ನಿಜವಾಗಿಯೂ ತಲೆ ಮುಂದೆ ಮಾಡಿದ. ಆ ಬೋಳು ತಲೆಯನ್ನು ನೋಡುತ್ತ ನಿಂತಾಗ ನನಗೆ ಆ ಮನೆಯ ಎಲೆ ನೆನಪಾಯಿತು.

ಎಂಟುನೂರ ಅರವತ್ಮೂರರ ಮನೆಯಲ್ಲಿ ಹಬ್ಬಕ್ಕೆ ಒಂದು ಎಲೆ ಹೆಚ್ಚಿಗೆ ಹಾಕುತ್ತಾರೆ ಎನ್ನುವುದು ಊರಿನ ಹಳೆಯ ನಗೆಮಾತು. ಬರುವ ಮಗುವೇ ಇಲ್ಲ, ಎಲೆ ಯಾರಿಗೆ. ಎಲ್ಲರೂ ಹಸಿದು ಕಾಯುವುದು, ಹೊತ್ತು ಇಳಿದ ಮೇಲೆ ಪುಟ್ಟನಂಜಪ್ಪನೇ ಆ ಎಲೆಯ ಮುಂದೆ ಕೂತು ಉಣ್ಣುವುದು. ಮನೆಯವರಿಗೂ ಕಾರಣ ಗೊತ್ತಿರಲಿಲ್ಲ, ಯಜಮಾನನ ಹುಚ್ಚು ಎಂದುಕೊಂಡಿದ್ದರು. ಒಮ್ಮೆ ನಾನೇ ಕಟ್ಟೆಯ ಮೇಲಿಂದ ಹತ್ತು ಜನರ ಮುಂದೆ, "ಯಾರಿಗೆ ಎಲೆ ಹಾಕ್ತೀರಿ ಪುಟ್ಟನಂಜಪ್ಪ, ನೊಣಕ್ಕಾ?" ಎಂದು ಕೇಳಿದ್ದೆ. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ.

"ಆ ಎಲೆ" ಎಂದೆ.

"ನಿಂದೇ. ಇನ್ಯಾರ್ದು" ಎಂದ.

ಆಗ ಒಂದೊಂದಾಗಿ ಎಲ್ಲವೂ ತಿಳಿಯಿತು. ಮೂವತ್ತು ವರ್ಷ ನಾನು ಕಟ್ಟೆಯ ಮೇಲೆ ಕೂತ ದಿನವೆಲ್ಲ ಈ ಮನುಷ್ಯ ಬೇವಿನ ಮರದ ಬುಡದಲ್ಲಿ ಬಂದು ಕೂರುತ್ತಿದ್ದ, ಕೆಲಸವಿಲ್ಲದವನು ಎಂದುಕೊಂಡಿದ್ದೆ. ವಿಷಮಶೀತ ಜ್ವರ ಬಂದು ನಾನು ನಲವತ್ತು ದಿನ ಮಲಗಿದಾಗ ಬೆಳಗಾದರೆ ಬಾಗಿಲಲ್ಲಿ ಬಿಸಿ ಗಂಜಿ ಇರುತ್ತಿತ್ತು. ತಂದಿಡುವವನು ಅವನೇ ಎಂದು ಗೊತ್ತಾದಾಗ ಪುಣ್ಯಾತ್ಮ, ಊರಿಗೆಲ್ಲ ಮಾಡುತ್ತಾನೇನೋ ಎಂದುಕೊಂಡಿದ್ದೆ. ಊರಿಗೆಲ್ಲ ಅವನು ಏನೂ ಮಾಡುತ್ತಿರಲಿಲ್ಲ. ನಾನು ಜಗಲಿಯ ಮೇಲೆ ಕೂತು ಅತ್ತೆ. ಸಿಟ್ಟು ಪೂರ್ತಿ ಹೋಗಿರಲಿಲ್ಲ, ಆದರೆ ಅದಕ್ಕಿಂತ ದೊಡ್ಡದು ಬಂದು ಎದೆಯಲ್ಲಿ ಕೂತಿತ್ತು. ಇಷ್ಟು ವರ್ಷ ನನ್ನನ್ನು ಕಾಯುವವರು ಇದ್ದರು, ನನಗೇ ಗೊತ್ತಿರಲಿಲ್ಲ.

ಅವನು ಸಗಣಿಯ ಕೈಯನ್ನು ಪಂಚೆಗೆ ಒರೆಸಿಕೊಂಡು, "ಕಲ್ಲು ಹಾಕಿಸ್ಕೊ. ಆ ಕಾಗದ ಒಲೆಗೆ ಹಾಕು. ನಂಗೆ ಇಷ್ಟು ಸಾಕು, ನೀನು ತಿಳ್ಕೊಂಡು ಬಂದ್ಯಲ್ಲ" ಎಂದ. ಐವತ್ತೆಂಟು ವರ್ಷ ಕಾದ ಮಗು ಬಾಗಿಲಿಗೆ ಬಂದಾಗ ಅದನ್ನು ವಾಪಸು ಕಳಿಸುತ್ತಿದ್ದ, ನನ್ನ ಮರ್ಯಾದೆ ಉಳಿಯಲಿ ಎಂದು. ನಾನು ಸುರುಳಿ ಸುತ್ತಿಕೊಂಡು ಎದ್ದೆ. ಅಲ್ಲಿಂದ ನೇರ ಹೋದದ್ದು ನಲವತ್ತೊಂದರ ಮನೆಗೆ.

ಆ ಮನೆಯ ಹಿರಿಯಳು ದ್ಯಾವೀರಮ್ಮ. ಬಾವಿ ಕೈತಪ್ಪಿದ ಮೇಲೆ ಎರಡು ವರ್ಷ ನನ್ನ ಮುಖ ಕಂಡರೆ ಬೀದಿ ಬದಲಿಸುತ್ತಿದ್ದಳು. ಅವರ ಮನೆಯವರು ಇವತ್ತಿಗೂ ಕೆರೆಯ ಕಡೆಗೆ ಅರ್ಧ ಮೈಲಿ ನಡೆದು ನೀರು ತರುತ್ತಾರೆ. ಅವಳು ಹುಣಸೆಹಣ್ಣು ಬಿಡಿಸುತ್ತ ನನ್ನ ಮಾತನ್ನೆಲ್ಲ ಕೇಳಿದಳು. ನಾನು ಏನೂ ಮುಚ್ಚಿಡಲಿಲ್ಲ. ಬಾವಿ ನಿಮಗೆ ವಾಪಸು ಬರಬೇಕು, ಹುಣ್ಣಿಮೆಗೆ ಊರು ಸೇರಿದಾಗ ಕಟ್ಟೆಯಲ್ಲಿ ಹೇಳುತ್ತೇನೆ ಎಂದೆ. ಅವಳು ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಹಗ್ಗ ಹಿಡ್ದು ಅಳ್ದ ದಿನ ನಿಂಗಿದು ಗೊತ್ತಿತ್ತಾ?" ಎಂದಳು.

"ಇಲ್ಲ."

"ಮತ್ತೆ? ಗೊತ್ತಿಲ್ದೋಳು ಆವತ್ತಿಗೆ ಒಂಟಿನೇ. ಹಗ್ಗ ಸುಳ್ಳು ಹೇಳ್ತದಾ. ನಾನೂ ಆಮೇಲೆ ಕದ್ದು ಅಳ್ದು ನೋಡಿದೀನಿ ಬಿಡು, ಮೂರು ಮೊಳ ಅವರ ಕಡೆಗೇ ಇದೆ." ಹುಣಸೆಯ ನಾರನ್ನು ಪಕ್ಕಕ್ಕೆ ಎಸೆದಳು. "ಬಾವಿ ಬೇಡ. ಆದ್ರೆ ದಿನಾ ನಾಲ್ಕು ಕೊಡ ನೀರು ನಮ್ ಹುಡುಗೀರು ಅಲ್ಲೇ ಸೇದ್ಕೊಳ್ಳಿ. ನಂಗಂತೂ ಮೊಣಕಾಲು ಹೋಗಿದೆ. ನಿಮ್ಮನೆಯವ್ರಿಗೆ ಹೇಳು."

ನಿಮ್ಮನೆಯವರು ಎಂದು ನನಗೆ ಯಾರೂ ಅಂದಿರಲಿಲ್ಲ. ಅವಳು ಅದನ್ನು ಎಷ್ಟು ಸಲೀಸಾಗಿ ಅಂದಳೆಂದರೆ, ಅಂದದ್ದು ಅವಳಿಗೇ ಗೊತ್ತಾಗಲಿಲ್ಲ. "ಹೇಳ್ತೀನಿ ದ್ಯಾವೀರಮ್ಮ" ಎಂದೆ. ಅವಳ ಉಪಕಾರವನ್ನು ನಾನು ಈ ಜನ್ಮದಲ್ಲಿ ತೀರಿಸಲಾರೆ. ಹಾಗೆಂದು ಅವಳಿಗೆ ಹೇಳಿದರೆ ಹುಣಸೆಬೀಜ ತೆಗೆದು ನನ್ನ ಮೇಲೆ ಎಸೆಯುತ್ತಾಳೆ.

ಹುಣ್ಣಿಮೆಯ ಬೆಳಿಗ್ಗೆ ಊರು ಸೇರಿತು. ನಾನು ಕೊನೆಯ ಸಲ ಕಟ್ಟೆ ಹತ್ತಿ ಸುರುಳಿಯನ್ನು ಎತ್ತಿ ಹಿಡಿದು ಆ ಒಂದು ಸಾಲನ್ನು ಓದಿದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಬೆರಳು ಮಡಿಸಿ ಲೆಕ್ಕ ಹಾಕಿದರು, ಇನ್ಯಾರೋ ಅಯ್ಯಯ್ಯೋ ಎಂದರು. ಪುಟ್ಟನಂಜಪ್ಪ ಬೇವಿನ ಬುಡದಲ್ಲಿ ಎದ್ದು ನಿಂತು, "ತಪ್ಪು ನಂದು" ಎಂದ. ಊರು ನಗುತ್ತದೆಂದು ಐವತ್ತೆಂಟು ವರ್ಷ ಹೆದರಿದ್ದನಲ್ಲ, ಒಬ್ಬರೂ ನಗಲಿಲ್ಲ. ಬಾವಿಯ ಮಾತನ್ನು ದ್ಯಾವೀರಮ್ಮ ತಾನೇ ಎದ್ದು ಹೇಳಿ ಮುಗಿಸಿದಳು. ನಾನು ಕಟ್ಟೆ ಇಳಿದೆ. ಬೋರಲಿಂಗ ಮಾತ್ರ ಮುಖ ಊದಿಸಿಕೊಂಡಿದ್ದ. "ಮೂರು ದಿನ ಕಲ್ಲು ನಯ ಮಾಡಿದೀನಿ. ಮೊದ್ಲೇ ಹೇಳ್ಬಾರ್ದಾಗಿತ್ತಾ" ಎಂದ. "ಹೇಳಿದ್ದೇ ನೀನಲ್ಲವೇನೋ" ಎಂದೆ. ಅವನಿಗೆ ಇನ್ನೂ ಹೊಳೆಯಲಿಲ್ಲ.

ಲೆಕ್ಕದಲ್ಲಿ ಇನ್ನೊಂದು ವಿಷಯವಿದೆ. ನನ್ನ ಸಂಖ್ಯೆಯನ್ನು ಎಂಟುನೂರ ಅರವತ್ಮೂರರಿಂದ ಭಾಗಿಸಿದರೆ ಬರುವುದು ಸಾವಿರದ ಒಂಬತ್ತು. ಅದೂ ಯಾವುದರಿಂದಲೂ ಭಾಗವಾಗದ ಸಂಖ್ಯೆ. ನಮ್ಮೂರಿಗೆ ನೂರ ಅರವತ್ತೊಂಬತ್ತನೆಯ ಪಾಲಿನ ಮನೆಯೊಂದು ಇದ್ದಿದ್ದರೆ ಅದು ಸಾವಿರದ ಒಂಬತ್ತರ ಮನೆಯಾಗಿರುತ್ತಿತ್ತು. ಇಲ್ಲಿ ಅಂಥ ಮನೆ ಇಲ್ಲ. ನಮಗಿಂತ ದೊಡ್ಡ ಊರೊಂದರಲ್ಲಿ ಇರಬಹುದು. ಅಲ್ಲಿಯೂ ಯಾರಾದರೂ ಗೊತ್ತಿಲ್ಲದೆ ಒಂದು ಎಲೆ ಹೆಚ್ಚಿಗೆ ಹಾಕುತ್ತಿದ್ದರೆ ಅವರಿಗೂ ನನ್ನ ನಮಸ್ಕಾರ.

ಕಟ್ಟೆಯಿಂದ ಎಲ್ಲರೂ ನನ್ನನ್ನು ಎಂಟುನೂರ ಅರವತ್ಮೂರರ ಮನೆಗೆ ಕರೆದುಕೊಂಡು ಹೋದರು. ನನ್ನ ಸೆರಗಿನಲ್ಲಿ ಒಂದು ಗಂಟಿತ್ತು. ಹಿಂದಿನ ದಿನವೆಲ್ಲ ಕೂತು ಎಣಿಸಿದ ಎಂಟುನೂರ ಅರವತ್ಮೂರು ಅಕ್ಕಿಕಾಳು. ಅವತ್ತು ಕೈತಪ್ಪಿ ಬಂದದ್ದನ್ನು ಮೊದಲು ಹಿಂದಿರುಗಿಸಿ ಆಮೇಲೆ ಒಳಗೆ ಕಾಲಿಡೋಣ ಎಂದುಕೊಂಡಿದ್ದೆ. ಬಾಗಿಲಲ್ಲಿ ನಿಂತು ಗಂಟು ಚಾಚಿದೆ. ಪುಟ್ಟನಂಜಪ್ಪ ಅದನ್ನು ಸೊಸೆಯ ಕೈಗೆ ಕೊಟ್ಟು, "ಇವತ್ತಿನ ಅನ್ನಕ್ಕೆ ಬೆರಸು" ಎಂದ. ಒಳಗೆ ಎಲೆ ಹಾಕಿದ್ದು ಕಾಣುತ್ತಿತ್ತು. ಅವನು ಗೋಡೆಯ ಮೊರ ಇಳಿಸಿ ತಂದ. ಆದರೆ ಕೆಳಗಿಡಲಿಲ್ಲ. ಪದ್ಧತಿ ಪದ್ಧತಿಯೇ, ಮೊದಲು ಭಾಗಿಸಬೇಕು.

ಹೊಸಿಲಲ್ಲಿ ನೆಟ್ಟಗೆ ನಿಂತು, ಹುಟ್ಟಿದ ಮಗುವಿಗೆ ಹೇಳುವ ಹಾಗೆಯೇ ಗಟ್ಟಿಯಾಗಿ ಶುರು ಮಾಡಿದ. ಎಂಟುನೂರ ಎಪ್ಪತ್ತರಲ್ಲಿ ಒಂದು ಸಲ ಎಂದ. ಏಳು ಉಳಿಯಿತು ಎಂದ. ಎರಡು ಸೊನ್ನೆಗಳನ್ನೂ ಹೇಳಿದ. ಏಳು ಸಾವಿರದ ಏಳುನೂರ ಅರವತ್ತೇಳಕ್ಕೆ ಬಂದಾಗ ಮೊರವನ್ನು ಎದೆಗೆ ಒತ್ತಿಕೊಂಡ. ಒಂದು, ಎರಡು, ಮೂರು ಎಂದು ಒಂದೊಂದೇ ಸಲ ತೆಗೆಯುತ್ತ ಬಂದ. ಎಂಟು ಎಂದು ಹೇಳಿ ನಿಂತುಬಿಟ್ಟ. ಅವನು ಮರೆತನೇನೋ ಎಂದು ನನಗೆ ಭಯವಾಯಿತು, ವಯಸ್ಸಾದವನು, ನಾನೇ ಹೇಳಿಕೊಡಲೇ ಎಂದು ಬಾಯಿ ತೆರೆದೆ. ಅವನು ಕೈ ಎತ್ತಿ ನನ್ನನ್ನು ತಡೆದ.

"ಇನ್ನೊಂದು ಸಲ" ಎಂದ. "ಒಂಬತ್ತು."

ಆಮೇಲೆ ಬಗ್ಗಿ ಖಾಲಿ ಮೊರವನ್ನು ನನ್ನ ಮುಂದೆ ಇಟ್ಟ. ಅರವತ್ತು ವರ್ಷದವಳು ಮೊರದಲ್ಲಿ ಮಲಗಲು ಆಗುತ್ತದೆಯೇ. ಸೊಸೆಯ ಹೆಗಲು ಹಿಡಿದುಕೊಂಡು ನನ್ನ ಎಡಗಾಲನ್ನು ಅದರಲ್ಲಿ ಇಟ್ಟೆ.